ಇಸ್ರೇಲಿನ ಹಬ್ಬಗಳನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ಸಮಾಜ ಟೀಚರ್, ಉಡುಪಿ:

ಎಲ್ಲರಿಗೂ ನಮಸ್ಕಾರ. ಉಡುಪಿ ತಾಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಕಡೆಯಿಂದ ಎಷ್ಟು ಜನ ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಹೋಗಿದ್ದಾರೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನನ್ನ ಕ್ಲಾಸಿನಲ್ಲೂ ಕೆಲವು ಮಕ್ಕಳ ಅಮ್ಮನೋ ಚಿಕ್ಕಮ್ಮನೋ ಅಲ್ಲಿದ್ದಾರೆ.

ಒಬ್ಬ ಹುಡುಗ ಅವನ ಅಮ್ಮ ಕಳಿಸಿದ ಎರಡು ಫೋಟೋ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ. ಒಂದರಲ್ಲಿ ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿ ಬಟ್ಟೆಯ ಗೋಡೆ, ಮೇಲೆ ಖರ್ಜೂರದ ಗರಿ, ಒಳಗೆ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು ನೇತುಹಾಕಿದ ಚಪ್ಪರ. ಇನ್ನೊಂದರಲ್ಲಿ ದೊಡ್ಡ ಹೈವೇ, ಒಂದು ಕಾರೂ ಇಲ್ಲ, ನಡುಮಧ್ಯೆ ಮಕ್ಕಳು ಸೈಕಲ್ ಬಿಡುತ್ತಿದ್ದಾರೆ. ಇಡೀ ಕ್ಲಾಸು ಅದರ ಮೇಲೆ ಬಿತ್ತು. “ಇದೆಂತ ಹಬ್ಬ ಟೀಚರ್? ನಮಗೂ ಹೈವೇಯಲ್ಲಿ ಸೈಕಲ್ ಬಿಡುವ ಹಬ್ಬ ಬೇಕು.”

ಸರಿ, ಇದನ್ನೇ ಯೋಜನಾ ಕಾರ್ಯ ಮಾಡಿಸುವ ಅಂತ ಹೊರಟಿದ್ದೇನೆ. ಹುಡುಕಿದರೆ ಸಿಗುವುದೆಲ್ಲ ಬರೇ ಪಟ್ಟಿ: ಹಬ್ಬದ ಹೆಸರು, ತಿಂಗಳು, ತಿಂಡಿ. ಮೂರನೇ ಹೆಸರಿಗೆ ಬರುವಾಗ ಹಿಂದಿನ ಬೆಂಚು ನಿದ್ದೆ ಹೋಗುತ್ತದೆ. ಸ್ಟಾಫ್ ರೂಮಿನಲ್ಲಿ ಒಬ್ಬರು “ಹನುಕ್ಕಾ ಅಂದರೆ ಅವರ ದೀಪಾವಳಿ ಅಂತ ಹೇಳಿ ಮುಗಿಸಿ” ಅಂದರು. ನನಗೆ ಅದು ಸರಿ ಕಾಣಲಿಲ್ಲ.

ಹಬ್ಬಕ್ಕೂ ಆ ದೇಶದ ನೆಲಕ್ಕೂ ಬದುಕಿಗೂ ಏನು ಸಂಬಂಧ ಅಂತ ಮಕ್ಕಳಿಗೆ ತಿಳಿಯಬೇಕು. ಸಿಗುವುದು ನಾಲ್ಕು ಪೀರಿಯಡ್. ಪ್ರೊಜೆಕ್ಟರ್ ಉಂಟು, ಅದರ ಬಲ್ಬು ಇಲ್ಲ. ಕೈಯಲ್ಲಿ ಮಾಡುವಂಥದ್ದು ಏನಾದರೂ ಇದ್ದರೆ ಒಳ್ಳೆಯದು. ಯುದ್ಧದ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಹೇಗೆ ಉತ್ತರ ಕೊಡುವುದು ಅಂತಲೂ ಹೇಳಿ.

ಬಂದರ್ ಬಾಯ್:

ಸೈಕಲಿನ ಫೋಟೋ ಯೋಮ್ ಕಿಪ್ಪುರ್ ದಿನದ್ದು ಟೀಚರ್. ಅಕ್ಕ ಹೈಫಾದಲ್ಲಿದ್ದಾಳೆ, ಪ್ರತಿ ವರ್ಷ ಇದೇ ಫೋಟೋ ಬರುತ್ತದೆ. ದೊಡ್ಡವರಿಗೆ 25 ಗಂಟೆ ಉಪವಾಸ, ನೀರು ಕೂಡ ಇಲ್ಲ. ಆಂಬುಲೆನ್ಸ್ ಬಿಟ್ಟರೆ ರಸ್ತೆಯಲ್ಲಿ ಗಾಡಿಯೇ ಇಲ್ಲ, ವಿಮಾನ ನಿಲ್ದಾಣವೂ ಬಂದ್. ದೇವರ ಹತ್ತಿರ ಕ್ಷಮೆ ಕೇಳುವ ದಿನ ಅದು. ಮಕ್ಕಳಿಗೆ ಮಾತ್ರ ಸೈಕಲ್ ಹಬ್ಬ ಆಗಿಹೋಗಿದೆ.

ನನ್ನ ಸಲಹೆ ಕೇಳಿದರೆ ತಿಂಡಿಯಿಂದ ಶುರುಮಾಡಿ. ಹನುಕ್ಕಾಕ್ಕೆ ಎಣ್ಣೆಯಲ್ಲಿ ಕರಿದದ್ದು, ಒಳಗೆ ಜಾಮ್ ಇರುವ ಡೋನಟ್. ಪೂರಿಮಿಗೆ ಮೂರು ಮೂಲೆಯ ಬಿಸ್ಕತ್ತು. ತಿಂಡಿ ಕೊಟ್ಟರೆ ಯಾವ ಹಿಂದಿನ ಬೆಂಚೂ ನಿದ್ದೆ ಮಾಡುವುದಿಲ್ಲ.

ಶಿರ್ವ ಬಾಯಿ:

ತಿಂಡಿ ಕಡೆಗೆ ಇರಲಿ ಮಾರಾಯ. ಟೀಚರ್, ನೀವು ಮೊದಲು ಬೋರ್ಡಿನಲ್ಲಿ ಮಳೆ ಬರೆಯಿರಿ.

ನಾನು ರೆಹೊವೊತ್ ಎಂಬ ಊರಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೆ. ಟೆಲ್ ಅವೀವಿನಿಂದ ಸ್ವಲ್ಪ ದಕ್ಷಿಣಕ್ಕೆ, ಒಂದು ಕಾಲದಲ್ಲಿ ಕಿತ್ತಳೆ ತೋಟಕ್ಕೆ ಹೆಸರು ಹೋದ ಊರು. ಅಜ್ಜಿ ಕಾಲು ಗಟ್ಟಿ ಇರುವವರೆಗೆ ಬಾಲವಾಡಿ ಟೀಚರ್ ಆಗಿದ್ದವರು. ಅಲ್ಲಿ ಬಾಲವಾಡಿಗೆ ‘ಗನ್’ ಅಂತಾರೆ. ಅವರ ಕಪಾಟಿನ ಕೆಳಗಿನ ಹಲಗೆಯಲ್ಲಿ ಬಟ್ಟೆ ಇರಲಿಲ್ಲ, ಸಾಲಾಗಿ ಶೂ ಡಬ್ಬಿಗಳು. ಹಬ್ಬಕ್ಕೊಂದು ಡಬ್ಬಿ. ಒಂದರಲ್ಲಿ ಬಾದಾಮಿ ಸಿಪ್ಪೆ ಮತ್ತು ಹತ್ತಿಯಲ್ಲಿ ಮಕ್ಕಳು ಮಾಡಿದ ಬಾದಾಮಿ ಹೂ. ಒಂದರಲ್ಲಿ ನೂಲಿನಿಂದ ಕಟ್ಟಿದ ಗೋಧಿ ತೆನೆ, ಮುಟ್ಟಿದರೆ ಉದುರುವಷ್ಟು ಹಳತು. ಇನ್ನೊಂದರಲ್ಲಿ ಆಲಿವ್ ಬೀಜ, ಮಣ್ಣಿನ ಹಣತೆ. ಹಬ್ಬ ಹತ್ತಿರ ಬಂದರೆ ನನ್ನ ಕೈಯಲ್ಲಿ ಆ ಡಬ್ಬಿ ತೆಗೆಸುವುದು, ಮೇಜಿನ ಮೇಲೆ ಹರಡಿಸುವುದು, ಆಮೇಲೆ ಪ್ರಶ್ನೆ ಕೇಳುವುದು. ಉತ್ತರ ತಪ್ಪಿದರೆ ಮಾತ್ರೆ ನುಂಗುವುದಿಲ್ಲ ಅಂತ ಹಟ. ಮಾತ್ರೆ ನುಂಗಿಸುವುದಕ್ಕಾಗಿ ನಾನು ಅವರ ಪಂಚಾಂಗ ಇಡೀ ಕಲಿತೆ.

ಅಲ್ಲಿ ಮೇಯಿಂದ ಸೆಪ್ಟೆಂಬರ್ ತನಕ ಆಕಾಶ ನೋಡುವುದೇ ಬೇಡ, ಮಳೆ ಇಲ್ಲ. ಅಕ್ಟೋಬರ್ ಹೊತ್ತಿಗೆ ಮೊದಲ ಹನಿ, ಏಪ್ರಿಲಿಗೆ ಮುಗಿಯಿತು. ಜೆರುಸಲೇಮಿಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 550 ಮಿಲಿಮೀಟರ್. ಮಂಗಳೂರಿಗೆ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ದಕ್ಷಿಣದ ತುದಿಯ ಎಯ್ಲಾತ್‌ನಲ್ಲಿ ವರ್ಷಕ್ಕೆ 30 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜೂನಿನ ಒಂದು ಮಧ್ಯಾಹ್ನಕ್ಕೆ ಅದು ಸಾಕಾಗುವುದಿಲ್ಲ. ಉತ್ತರದಲ್ಲಿ ಕಿನ್ನೆರೆತ್ ಅಂತ ಸರೋವರ, ಬೈಬಲಿನ ಗಲಿಲೇಯ ಸಮುದ್ರ. ಅದರ ನೀರಿನ ಮಟ್ಟವನ್ನು ನಮ್ಮಲ್ಲಿ ಚಿನ್ನದ ರೇಟು ಹೇಳಿದ ಹಾಗೆ ವಾರ್ತೆಯಲ್ಲಿ ಹೇಳುತ್ತಾರೆ. ಸಮುದ್ರ ಮಟ್ಟಕ್ಕಿಂತ 208.8 ಮೀಟರ್ ಕೆಳಗೆ ‘ಮೇಲಿನ ಕೆಂಪು ಗೆರೆ’, ಅಲ್ಲಿಗೆ ಮುಟ್ಟಿದರೆ ಕೆರೆ ತುಂಬಿತು ಅಂತ ಲೆಕ್ಕ. 213ಕ್ಕೆ ‘ಕೆಳಗಿನ ಕೆಂಪು ಗೆರೆ’, ಅದಕ್ಕಿಂತ ಇಳಿದರೆ ಗಂಡಾಂತರ. ಮಕ್ಕಳ ಕೈಯಲ್ಲಿ ಎರಡೂ ಕಡೆಯ ಮಳೆಯ ಗ್ರಾಫ್ ಬರೆಸಿ. ನಮ್ಮ ಗೆರೆ ಏರುವಾಗ ಅವರದು ಸೊನ್ನೆ, ನಮ್ಮದು ಮುಗಿಯುವಾಗ ಅವರದು ಶುರು. ಈ ಗ್ರಾಫಿನ ಮೇಲೆ ಹಬ್ಬಗಳನ್ನು ಅಂಟಿಸುತ್ತಾ ಹೋಗಿ.

ನಿಮ್ಮ ಹುಡುಗನ ಚಪ್ಪರದ ಫೋಟೋ ಸುಕ್ಕೋತ್ ಹಬ್ಬದ್ದು. ಏಳು ದಿನ ಆ ಸುಕ್ಕಾದಲ್ಲಿ ಊಟ, ಕೆಲವರು ಮಲಗುವುದೂ ಅಲ್ಲೇ. ಈಜಿಪ್ಟಿನಿಂದ ಹೊರಟವರು ಮರುಭೂಮಿಯಲ್ಲಿ ಗುಡಿಸಲಲ್ಲಿದ್ದರು ಅಂತ ನೆನಪು, ಜೊತೆಗೆ ದ್ರಾಕ್ಷಿ, ಖರ್ಜೂರ ಎಲ್ಲ ಒಳಗೆ ಬಂದಾದ ಮೇಲಿನ ಸುಗ್ಗಿ. ಮಾಡಿಗೆ ಕಡಿದ ಸೊಪ್ಪೋ ಗರಿಯೋ ಆಗಬೇಕು, ತಗಡು ನಡೆಯುವುದಿಲ್ಲ. ಬಿಸಿಲಿಗಿಂತ ನೆರಳು ಹೆಚ್ಚು ಬೀಳಬೇಕು. ಹಾಗಂತ ತೀರಾ ದಟ್ಟವೂ ಬೇಡ, ರಾತ್ರಿ ನಕ್ಷತ್ರ ಕಂಡರೆ ಒಳ್ಳೆಯದು. ನಮ್ಮಲ್ಲಿ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಇಂಥ ಮಾಡಿನ ಕೆಳಗೆ ಕೂತು ಊಟ ಮಾಡಿ ನೋಡುವ! ಅಲ್ಲಿ ಆಗುತ್ತದೆ, ಯಾಕೆಂದರೆ ಮಳೆ ಇನ್ನೂ ಬಂದಿಲ್ಲ. ಆ ಏಳು ದಿನದಲ್ಲೇ ಮಳೆ ಬಂದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಆಳು ಯಜಮಾನನಿಗೆ ಬಟ್ಟಲಲ್ಲಿ ಕುಡಿಯಲಿಕ್ಕೆ ಕೊಡಲು ಬಂದರೆ ಯಜಮಾನ ಅದನ್ನೇ ಅವನ ಮುಖಕ್ಕೆ ಎರಚಿದ ಹಾಗೆ ಅಂತ ಅವರ ಹಳೆಯ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲೇ ಬರೆದುಂಟು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಸುಕ್ಕೋತ್ ಮುಗಿದ ಕೂಡಲೇ ಮರುದಿನ ಸಿನಗಾಗಿನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ, ಮಳೆಯ ಪ್ರಾರ್ಥನೆ ಆಗುತ್ತದೆ, ಮಳೆ ತರುವವನು ನೀನೇ ಅಂತ ಸ್ತುತಿ. ಆದರೆ “ಮಳೆ ಕೊಡು” ಅಂತ ದಿನದ ಪ್ರಾರ್ಥನೆಯಲ್ಲಿ ಕೇಳಲಿಕ್ಕೆ ಇನ್ನೂ ಎರಡು ವಾರ ಕಾಯುತ್ತಾರೆ, ಅವರ ಪಂಚಾಂಗದ ಹೆಶ್ವಾನ್ ತಿಂಗಳ 7ನೇ ದಿನದ ತನಕ. ಯಾಕೆ? ಹಿಂದೆ ಹಬ್ಬಕ್ಕೆ ಅಂತ ಜೆರುಸಲೇಮಿನ ದೇವಾಲಯಕ್ಕೆ ದೂರದಿಂದ ನಡೆದು ಬಂದವರು ವಾಪಸು ಯೂಫ್ರಟೀಸ್ ನದಿಯ ತನಕ ಮುಟ್ಟಬೇಕಲ್ಲ, ದಾರಿಯಲ್ಲಿ ನೆನೆಯಬಾರದು ಅಂತ. ಆ ದೇವಾಲಯ ಕ್ರಿ.ಶ. 70ರಲ್ಲೇ ರೋಮನರ ಕೈಯಲ್ಲಿ ಬಿದ್ದುಹೋಯಿತು, ನಡೆದು ಬರುವವರು ಯಾರೂ ಇಲ್ಲ. ಕಾಯುವುದು ಮಾತ್ರ ಇವತ್ತಿಗೂ ಉಂಟು. ಇಸ್ರೇಲಿನ ಹೊರಗೆ ಇರುವವರು ಡಿಸೆಂಬರ್ ಮೊದಲ ವಾರದಿಂದ ಕೇಳುತ್ತಾರೆ, ಅದು ಬ್ಯಾಬಿಲೋನಿನ ಹೊಲದ ಲೆಕ್ಕ. ಮಾರ್ಚ್-ಏಪ್ರಿಲಿನ ಪೆಸಾಖ್ ಹಬ್ಬ ಬಂದಾಗ ಮಳೆ ಕೇಳುವುದು ಬಂದ್, ಇಬ್ಬನಿಗೆ ಪ್ರಾರ್ಥನೆ. ಕೊಯ್ಲಿನ ಹೊತ್ತಿಗೆ ಮಳೆ ಯಾರಿಗೆ ಬೇಕು?

ಇನ್ನು ಟು ಬಿಶ್ವಾತ್, ಶೆವಾತ್ ತಿಂಗಳ 15, ಮರಗಳ ಹೊಸ ವರ್ಷ. ಜನವರಿ-ಫೆಬ್ರವರಿಯಲ್ಲಿ ಬರುತ್ತದೆ. ಮೂಲದಲ್ಲಿ ಅದು ಬರೇ ಲೆಕ್ಕದ ದಿನ, ಯಾವ ಹಣ್ಣು ಯಾವ ವರ್ಷದ ಕಾಣಿಕೆಗೆ ಸೇರುತ್ತದೆ ಅಂತ ನೋಡಲಿಕ್ಕೆ. ಅದನ್ನು ಗಿಡ ನೆಡುವ ಹಬ್ಬ ಮಾಡಿದ್ದು ನಿಮ್ಮ ಹಾಗಿನ ಮಾಸ್ತರರೇ. 1890ರಲ್ಲಿ ಝಿಖ್ರೋನ್ ಯಾಕೋವ್ ಊರಿನ ಶಾಲೆಯ ಝೆಏವ್ ಯಾವೆಟ್ಸ್ ಎಂಬ ಶಿಕ್ಷಕರು ಮಕ್ಕಳನ್ನು ಕರೆದುಕೊಂಡು ಹೋಗಿ ಗಿಡ ನೆಡಿಸಿದರು. 1908ರಲ್ಲಿ ಅಲ್ಲಿನ ಶಿಕ್ಷಕರ ಸಂಘ ಅದನ್ನು ಎಲ್ಲ ಶಾಲೆಗಳ ರೂಢಿ ಮಾಡಿತು. ಮುಂದೆ 1949ರಲ್ಲಿ ಅವರ ಪಾರ್ಲಿಮೆಂಟ್ ಮೊದಲ ಸಲ ಸೇರಿದ್ದೂ ಟು ಬಿಶ್ವಾತ್ ದಿನವೇ. ಈ ಕಥೆ ಹೇಳುವಾಗ ನಮ್ಮ ಅಜ್ಜಿ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದರು, ಅವರೇ ನಿಂತು ನೆಡಿಸಿದ ಹಾಗೆ.

ಆ ದಿನ ಒಣ ಹಣ್ಣು ತಿನ್ನುವುದು ಪದ್ಧತಿ. ಯುರೋಪಿನ ಚಳಿಯಲ್ಲಿ ಇದ್ದವರಿಗೆ ಆ ನೆಲದ ಹಣ್ಣು ಒಣಗಿಸಿದ ರೂಪದಲ್ಲಿ ಮಾತ್ರ ಸಿಗುತ್ತಿತ್ತಲ್ಲ. ಈಗ ಕಿಟಕಿಯ ಹೊರಗೆ ಕಿತ್ತಳೆ ಹಣ್ಣಾಗಿ ನಿಂತಿರುವಾಗಲೂ ಅಂಗಡಿಯಿಂದ ಟರ್ಕಿಯ ಒಣ ಅಂಜೂರ ತಂದು ತಿನ್ನುತ್ತಾರೆ ಅಂತ ಅಜ್ಜಿಗೆ ಸಿಟ್ಟು. 2022ರ ಜನವರಿಯಲ್ಲಿ ಮಾತ್ರ ಧರ್ಮ ಪಾಲಿಸುವವರು ಗಿಡ ನೆಡಲಿಲ್ಲ. ಅದು ಶ್ಮಿತಾ ವರ್ಷ, ಏಳು ವರ್ಷಕ್ಕೊಮ್ಮೆ ಭೂಮಿಗೆ ರಜೆ.

ಶವುಓತ್ ಅಂದರೆ ಗೋಧಿ ಕೊಯ್ಲು, ಮೊದಲ ಫಲ. ಹಳೆಯ ಕ್ರಮ ಹೀಗಿತ್ತಂತೆ: ರೈತ ತೋಟಕ್ಕೆ ಹೋಗಿ ಮೊದಲು ಹಣ್ಣಾಗುವ ಅಂಜೂರ ಕಂಡರೆ ಅದಕ್ಕೊಂದು ಜೊಂಡಿನ ಹುಲ್ಲು ಕಟ್ಟಿ “ಇದು ಕಾಣಿಕೆಗೆ” ಅಂತ ಗುರುತು ಮಾಡುವುದು, ಆಮೇಲೆ ಬುಟ್ಟಿಯಲ್ಲಿ ಜೆರುಸಲೇಮಿಗೆ ಹೊರುವುದು. ಈಗ ಕಿಬ್ಬುತ್ಸ್‌ಗಳಲ್ಲಿ, ಅಂದರೆ ಎಲ್ಲರೂ ಒಟ್ಟಾಗಿ ಬೇಸಾಯ ಮಾಡುವ ಹಳ್ಳಿಗಳಲ್ಲಿ, ಟ್ರ್ಯಾಕ್ಟರಿಗೆ ಹೂ ಕಟ್ಟಿ ಮೆರವಣಿಗೆ, ಆ ವರ್ಷದ ಬೆಳೆಯ ಜೊತೆ ಆ ವರ್ಷ ಹುಟ್ಟಿದ ಶಿಶುಗಳನ್ನೂ ಎತ್ತಿ ತೋರಿಸುತ್ತಾರೆ. ಬಾಲವಾಡಿ ಮಕ್ಕಳು ಬಿಳಿ ಅಂಗಿ, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಹಣ್ಣಿನ ಬುಟ್ಟಿ. ಇದನ್ನು ನಿಮ್ಮ ಮಕ್ಕಳಿಗೆ ವಿವರಿಸುವುದೇ ಬೇಡ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಯಿಂದ ತೆನೆ ತಂದು ಹೊಸ ಅಕ್ಕಿ ಊಟ ಮಾಡಿದವರು, ಮನೆಯ ಕಂಬಕ್ಕೆ ಕೊರಲ್ (ಭತ್ತದ ತೆನೆ) ಕಟ್ಟಿದವರು ಎಲ್ಲ ನಿಮ್ಮ ಒಂದೇ ಕ್ಲಾಸಿನಲ್ಲಿ ಕೂತಿದ್ದಾರೆ. ಅವರೇ ಹೇಳಲಿ, ನೀವು ಸುಮ್ಮನೆ ಕೇಳಿ.

ಪೆಸಾಖ್ ಊಟದ ರಾತ್ರಿ ಮನೆಯ ಅತಿ ಸಣ್ಣ ಮಗು ನಾಲ್ಕು ಪ್ರಶ್ನೆ ಕೇಳಬೇಕು, ಇವತ್ತಿನ ರಾತ್ರಿ ಯಾಕೆ ಬೇರೆ ಅಂತ. ಮಗು ಕೇಳಿದ ಮೇಲೆಯೇ ದೊಡ್ಡವರು ಗುಲಾಮಗಿರಿಯಿಂದ ಹೊರಬಂದ ಕಥೆ ಶುರುಮಾಡುವುದು. ಟೀಚರಿಗೆ ಇದಕ್ಕಿಂತ ಒಳ್ಳೆಯ ಹಬ್ಬ ಎಲ್ಲಿ ಸಿಗುತ್ತದೆ ಹೇಳಿ.

ಹನುಕ್ಕಾಕ್ಕೆ ಒಂದೇ ಮಾತು. ದೀಪಾವಳಿ ಅಂತ ಹೇಳಬೇಡಿ. ದೀಪ ಹಚ್ಚುವುದೆಲ್ಲ ದೀಪಾವಳಿ ಆದರೆ ಕರೆಂಟ್ ಹೋದ ದಿನವೂ ದೀಪಾವಳಿಯೇ. ಅದು ಕ್ರಿ.ಪೂ. 164ರಲ್ಲಿ ಜೆರುಸಲೇಮಿನ ದೇವಾಲಯವನ್ನು ಗ್ರೀಕ್ ಅರಸರ ಕೈಯಿಂದ ಬಿಡಿಸಿ ಶುದ್ಧ ಮಾಡಿದ ನೆನಪು. ಆಲಿವ್ ಕೊಯ್ದು ಹೊಸ ಎಣ್ಣೆ ತೆಗೆದಾದ ಮೇಲೆ ಬರುತ್ತದೆ, ಗ್ರಾಫಿನಲ್ಲಿ ಅಲ್ಲಿಗೇ ಅಂಟಿಸಿ.

ಸಮಾಜ ಟೀಚರ್, ಉಡುಪಿ:

ಬಾಯಿಯವರೇ, ನಾಳೆಯೇ ಗ್ರಾಫ್ ಶೀಟ್ ತರಿಸುತ್ತೇನೆ. ಮಡಲು ಶಾಲೆಯ ಹಿಂದೆಯೇ ರಾಶಿ ಬಿದ್ದುಂಟು, ಚಪ್ಪರಕ್ಕೆ ತೊಂದರೆ ಇಲ್ಲ. ಎರಡು ಸಂಶಯ. ಸುಕ್ಕೋತ್ ಫೋಟೋಗಳಲ್ಲಿ ಗಂಡಸರು ನಿಂಬೆಯಂಥದ್ದನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿರುತ್ತಾರಲ್ಲ, ಅದೇನು? ಮತ್ತೆ ಕೆಲವು ಕಡೆ ಪೆಸಾಖ್ ಏಳು ದಿನ ಅಂತ ಉಂಟು, ಕೆಲವು ಕಡೆ ಎಂಟು. ಯಾವುದು ಸರಿ?

ಹಂಪನಕಟ್ಟೆ ಮಾಸ್ತರ್:

ನಿವೃತ್ತ ಇತಿಹಾಸ ಉಪನ್ಯಾಸಕ. ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ಎರಡೂ ಸರಿ. ಇಸ್ರೇಲಿನ ಒಳಗೆ ಏಳು, ಹೊರಗೆ ರೂಢಿಯಾಗಿ ಎಂಟು. ಹಿಂದೆ ತಿಂಗಳು ಶುರುವಾಗುವುದು ಜೆರುಸಲೇಮಿನಲ್ಲಿ ಅಮಾವಾಸ್ಯೆಯ ನಂತರದ ಚಂದ್ರನನ್ನು ಕಂಡ ಸಾಕ್ಷಿಗಳ ಮೇಲೆ ನಿಂತಿತ್ತು. ಸುದ್ದಿ ಒಯ್ಯುವ ದೂತರು ದೂರದ ಊರುಗಳಿಗೆ ಹಬ್ಬದೊಳಗೆ ಮುಟ್ಟುತ್ತಿರಲಿಲ್ಲ. ಯಾವ ದಿನ ಎಂಬ ಅನುಮಾನಕ್ಕೆ ಅಲ್ಲಿಯವರು ಒಂದು ದಿನ ಹೆಚ್ಚು ಆಚರಿಸಿದರು. ಮುಂದೆ ಗಣಿತದ ಪಂಚಾಂಗ ಬಂತು, 19 ವರ್ಷಕ್ಕೆ 7 ಅಧಿಕಮಾಸ, ಅನುಮಾನ ಹೋಯಿತು, ಎರಡನೇ ದಿನ ಉಳಿಯಿತು. ಅಧಿಕಮಾಸದ ಲೆಕ್ಕ ನಿಮ್ಮ ಮಕ್ಕಳ ಅಜ್ಜ-ಅಜ್ಜಿಯರಿಗೆ ಚೆನ್ನಾಗಿ ಗೊತ್ತು, ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ.

ಇದನ್ನು ಉಡುಪಿ-ಮಂಗಳೂರಿನ ಮಕ್ಕಳಿಗೆ ಹೇಳುವಾಗ ನೀವು ಬಿಡಲೇಬಾರದ ಒಬ್ಬ ಮನುಷ್ಯ ಉಂಟು. ಅಬ್ರಹಾಂ ಬೆನ್ ಯಿಜು. ಟ್ಯುನೀಶಿಯಾದ ಮಹ್ದಿಯಾ ಊರಿನ ಯಹೂದಿ ವ್ಯಾಪಾರಿ, ಏಡನ್ ಮೂಲಕ ನಮ್ಮ ಕರಾವಳಿಗೆ ಬಂದವನು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ, ಕರಿಮೆಣಸು, ಅಡಿಕೆ, ಕಬ್ಬಿಣ ಏಡನ್ನಿಗೆ ಕಳಿಸಿದ. ಇಲ್ಲಿನ ಅಶು ಎಂಬ ದಾಸಿಯನ್ನು 1132ರಲ್ಲಿ ದಾಸ್ಯದಿಂದ ಬಿಡಿಸಿದ ಪತ್ರ ಸಿಕ್ಕಿದೆ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಅಭಿಪ್ರಾಯ. ಅವನ ವ್ಯವಹಾರಕ್ಕೆ ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ, ಹೆಸರು ಕೇಳಿದರೇ ನಮ್ಮವನು ಎಂದು ಗೊತ್ತಾಗುತ್ತದೆ. 1149ರಲ್ಲಿ ಬೆನ್ ಯಿಜು ಏಡನ್ನಿಗೆ ಮರಳಿದ. ಈ ಕಾಗದಗಳೆಲ್ಲ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಲ್ಲಿ, ಅಂದರೆ ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂದು ತುಂಬಿಡುವ ಕೋಣೆಯಲ್ಲಿ, ಉಳಿದವು. ಅವುಗಳಲ್ಲಿ ನಮ್ಮ ಊರು ‘ಮಂಜರೂರ್’.

ಮಕ್ಕಳಿಗೆ ಒಂದು ಪ್ರಶ್ನೆ ಕೊಡಿ: ಧೋ ಎಂದು ಮಳೆ ಸುರಿಯುವ ಈ ಬಂದರಿನಲ್ಲಿ ಕೂತ ಮನುಷ್ಯ, ತಾನು ಬೆಳೆಯದ ಗೋಧಿಯ, ತನ್ನ ಋತುವಲ್ಲದ ಮಳೆಯ ಹಬ್ಬಗಳನ್ನು ಯಾವ ಯಾವ ತಿಂಗಳಲ್ಲಿ ಎದುರಿಸಬೇಕಾಗುತ್ತಿತ್ತು? ಶವುಓತ್ ಮೇ-ಜೂನ್, ನಮ್ಮ ಮುಂಗಾರಿನ ಬಾಗಿಲು. ಬಾಯಿಯವರ ಗ್ರಾಫಿನಲ್ಲೇ ಉತ್ತರ ಉಂಟು.

ಇನ್ನೊಂದು, ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು ಟು ಬಿಶ್ವಾತ್‌ಗೆ ಮಲಿದಾ ಮಾಡುತ್ತಾರೆ. ಅವಲಕ್ಕಿ, ತೆಂಗಿನತುರಿ, ಸಿಹಿ, ಮೇಲೆ ಹಣ್ಣು. ಬಂದರ್ ಬಾಯ್ ತಿಂಡಿ ಕೇಳಿದರಲ್ಲ, ಇದನ್ನು ಶಾಲೆಯಲ್ಲೇ ಒಲೆ ಇಲ್ಲದೆ ಮಾಡಬಹುದು.

ಕಾಪು ಅಪ್ಪ:

ನನ್ನ ಹೆಂಡತಿ ಅಶ್ಕೆಲೋನ್‌ನಲ್ಲಿ ಕೆಲಸದಲ್ಲಿದ್ದಾಳೆ. ಮಗಳು ಏಳನೇ ಕ್ಲಾಸು. ಮಳೆ, ಗೋಧಿ, ಎಲ್ಲ ಚಂದ. ಆದರೆ ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ 2023ರ ಅಕ್ಟೋಬರ್ 7 ಕೂಡ ಹಬ್ಬದ ದಿನವೇ, ಬಾಯಿ ಹೇಳಿದ ಆ ಮಳೆ ಪ್ರಾರ್ಥನೆಯ ದಿನ. ಬೆಳಿಗ್ಗೆ ಫೋನಿನಲ್ಲಿ ಸೈರನ್ ಕೇಳಿಸುತ್ತಿತ್ತು, ಅವಳು ಅಜ್ಜನನ್ನು ಗಾಲಿಕುರ್ಚಿಯಲ್ಲಿ ಭದ್ರ ಕೋಣೆಗೆ ದೂಡುತ್ತಾ ನಮ್ಮ ಹತ್ತಿರ ಮಾತಾಡುತ್ತಿದ್ದಳು. ಮಗಳು ಅದನ್ನು ಕೇಳಿದ್ದಾಳೆ. ಆಮೇಲೆ ಗಾಜಾದ ಮಕ್ಕಳ ವಿಡಿಯೋಗಳನ್ನೂ ನೋಡಿದ್ದಾಳೆ. ಟೀಚರ್ ಬರೇ ಹೂವಿನ ಕಿರೀಟ ತೋರಿಸಿದರೆ ಅವಳು ನಂಬುವುದಿಲ್ಲ. ಯಾರ ಪರವೂ ಭಾಷಣ ಬೇಡ, ಆದರೆ ಮುಚ್ಚಿಡಬೇಡಿ.

ಶಿರ್ವ ಬಾಯಿ:

ಕಾಪುವಿನವರು ಹೇಳಿದ್ದು ನೂರಕ್ಕೆ ನೂರು. ಟೀಚರ್, ತಾರೀಕು ಹೇಳಿ, ಎರಡೂ ಕಡೆ ಮಕ್ಕಳು ಸತ್ತದ್ದನ್ನು ಹೇಳಿ. ಮಕ್ಕಳು ಕೇಳಿದ್ದಕ್ಕೆ ಗೊತ್ತಿದ್ದಷ್ಟು ಉತ್ತರ, ಅಷ್ಟೇ. ಮತ್ತೆ ಆ ನೆಲ ಯಹೂದಿಗಳದ್ದು ಮಾತ್ರ ಅಂತ ಮಕ್ಕಳ ತಲೆಗೆ ಹೋಗಬಾರದು. ಇಸ್ರೇಲಿನ ಪ್ರಜೆಗಳಲ್ಲೇ ಸುಮಾರು ಐದರಲ್ಲಿ ಒಬ್ಬರು ಅರಬರು. ಅಕ್ಟೋಬರ್-ನವೆಂಬರಿನಲ್ಲಿ ಆಲಿವ್ ಕೊಯ್ಯುವುದು ಪ್ಯಾಲೆಸ್ಟೀನಿನ ಮನೆಗಳಲ್ಲಿ ಇಡೀ ಕುಟುಂಬದ ಕೆಲಸ, ಮಕ್ಕಳು ಮುದುಕರು ಎಲ್ಲ ಮರದ ಕೆಳಗೆ. ಗ್ರಾಫಿನ ಅದೇ ತಿಂಗಳಲ್ಲಿ ಅದನ್ನೂ ಬರೆಸಿ. ಕಾಯುವ ಮಳೆ ಇಬ್ಬರಿಗೂ ಅದೇ. ಹೈಫಾದಲ್ಲಿ ಡಿಸೆಂಬರಿನಲ್ಲಿ ಹನುಕ್ಕಾ, ಕ್ರಿಸ್ಮಸ್ ಒಟ್ಟಿಗೆ ಬೀದಿ ಹಬ್ಬ ಮಾಡುವ ವಾಡಿ ನಿಸ್ನಾಸ್ ಅಂತ ಅರಬರ ಕೇರಿ ಉಂಟು. ಬಂದರ್ ಬಾಯ್, ನಿಮ್ಮ ಅಕ್ಕನ ಹತ್ತಿರ ಫೋಟೋ ಇದ್ದರೆ ಟೀಚರಿಗೆ ಕಳಿಸಿ. ಯಹೂದಿಗಳೂ ಒಂದೇ ನಮೂನೆ ಅಲ್ಲ. ಮೊರೊಕ್ಕೊದಿಂದ ಬಂದವರು ಪೆಸಾಖ್ ಮುಗಿದ ರಾತ್ರಿ ಮಿಮೂನಾ ಅಂತ ಬಾಗಿಲು ತೆರೆದಿಟ್ಟು ಬೆಣ್ಣೆ-ಜೇನು ಸವರಿದ ತೆಳು ರೊಟ್ಟಿ ಹಂಚುತ್ತಾರೆ. ಇಥಿಯೋಪಿಯಾದವರದ್ದು ಸಿಗ್ದ್ ಎಂಬ ಹಬ್ಬ, 2008ರಲ್ಲಿ ಕಾನೂನಿನಲ್ಲಿ ರಾಷ್ಟ್ರೀಯ ಹಬ್ಬವಾಯಿತು.

ಆ ನಿಂಬೆಯಂಥದ್ದು ಎತ್ರೋಗ್, ನಮ್ಮ ಮಾದಳ. ಹಬ್ಬಕ್ಕೆ ನಾಲ್ಕು ಬೇಕು: ಮಾದಳ, ಖರ್ಜೂರದ ಬಿಡದ ಸುಳಿ, ಮಿರ್ಟಲ್ ಸೊಪ್ಪು, ನೀರಂಜಿ (ವಿಲೋ) ಗಿಡದ ಕಡ್ಡಿ. ಎತ್ರೋಗಿನ ಮೇಲೆ ಒಂದು ಕಲೆ ಇರಬಾರದು. ತುದಿಯ ಮೊಗ್ಗು ಇರುವ ಜಾತಿಯಾದರೆ ಅದು ಮುರಿದಿರಬಾರದು. ಮಾರ್ಕೆಟಿನಲ್ಲಿ ಗಂಡಸರು ಭೂತಗನ್ನಡಿ ಹಿಡಿದು ಒಂದೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ, ನಮ್ಮಲ್ಲಿ ಹುಡುಗಿ ನೋಡಲಿಕ್ಕೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಹಬ್ಬ ಮುಗಿದ ಮೇಲೆ ಅಜ್ಜಿ ಅದರ ಜಾಮ್ ಮಾಡಿಸುತ್ತಿದ್ದರು. ನಾನು ಅರ್ಧ ಕದ್ದು ಉಪ್ಪಿನಕಾಯಿ ಹಾಕಿದೆ, ಅಜ್ಜಿ ಮೊಸರಿನ ಜೊತೆ ತಿಂದರು, ಮರುವರ್ಷದಿಂದ ಜಾಮ್ ಬಂದ್.

ನಮ್ಮ ತೋಟದಲ್ಲಿ ಮಾದಳದ ಒಂದು ಗಿಡ ಉಂಟು, ಈ ಸಲ ಕಾಯಿ ಬಿಟ್ಟಿದೆ. ಚಪ್ಪರ ಯಾವ ದಿನ ಅಂತ ಮೊದಲೇ ತಿಳಿಸಿ, ದಸರಾ ರಜೆ ಶುರುವಾಗುವ ಮೊದಲು ಇಟ್ಟುಕೊಳ್ಳಿ. ಬುಧವಾರ ಬಿಟ್ಟು ಯಾವ ದಿನ ಆದರೂ ಬರುತ್ತೇನೆ. ಅವಲಕ್ಕಿ ನೀವು ತನ್ನಿ, ತೆಂಗಿನಕಾಯಿ ನನ್ನದು.